ಶಾಲೆಯಲ್ಲಿ ದುಡ್ಡಿನ ಪಾಠ: ಮೂರೂವರೆ ಸಾವಿರ ಕೊಟ್ಟು ಸೇರಿಸಬೇಕಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಹಾಸನದ ಹತ್ತಿರ ಇದ್ದೇವೆ. ನಾನು ಮನೆಯಲ್ಲೇ ಟೈಲರಿಂಗ್ ಮಾಡ್ತೀನಿ, ಯಜಮಾನರದ್ದು ಹಾರ್ಡ್‌ವೇರ್ ಅಂಗಡಿ. ಮಗ ಒಂಬತ್ತನೇ ತರಗತಿ. ಅವನ ಶಾಲೆಯಲ್ಲಿ ಈ ವರ್ಷದಿಂದ 'ಹಣಕಾಸು ಶಿಕ್ಷಣ' ಅಂತ ವಾರಕ್ಕೊಂದು ಕ್ಲಾಸ್ ಶುರು ಮಾಡ್ತಿದ್ದಾರೆ. ಹೊರಗಿನ ಕಂಪನಿಯವರು ಬಂದು ಹೇಳಿಕೊಡ್ತಾರಂತೆ. ಕಡ್ಡಾಯ ಅಲ್ಲ, ಸೇರಿದರೆ ವರ್ಷಕ್ಕೆ 3,500 ರೂಪಾಯಿ ಬೇರೆ ಫೀಸು. ಯಜಮಾನರು 'ನಮಗೆ ಯಾರು ಹೇಳಿಕೊಟ್ಟಿದ್ರು? ಅಂಗಡಿ ನಡೀತಿಲ್ವಾ?' ಅಂತಾರೆ. ನನ್ನ ತಮ್ಮ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ಆಪ್ಷನ್ ಟ್ರೇಡಿಂಗ್‌ನಲ್ಲಿ (ಷೇರಿನ ಬೆಲೆ ಮುಂದೆ ಏರುತ್ತೋ ಇಳಿಯುತ್ತೋ ಅಂತ ದುಡ್ಡು ಕಟ್ಟೋದು) 4 ಲಕ್ಷ ಕಳಕೊಂಡ. 'ಶಾಲೆಯಲ್ಲಿ ಇದನ್ನೆಲ್ಲ ಕಲಿಸಿದ್ರೆ ನನಗೆ ಹೀಗಾಗ್ತಿರಲಿಲ್ಲ, ಅವನನ್ನ ಸೇರಿಸು ಅಕ್ಕ' ಅಂತಾನೆ. ಮಗನ ಕೈಗೆ ದುಡ್ಡು ಕೊಟ್ರೆ ಎರಡು ದಿನ ಉಳಿಯಲ್ಲ. ಮನೇಲಿ ಸಾಲದ ವಿಷಯ ಅವನ ಮುಂದೆ ನಾವು ಮಾತಾಡೋದೂ ಇಲ್ಲ. ಈ ಕ್ಲಾಸಿಂದ ನಿಜವಾಗಿ ಉಪಯೋಗ ಇದೆಯಾ?

ಉತ್ತರ: ಸೇರಿಸಿದರೆ ಕೆಡುಕೇನೂ ಇಲ್ಲ. ಆದರೆ ಕ್ಲಾಸು ಮುಗಿಯುವ ಹೊತ್ತಿಗೆ ಮಗನ ಕೈಯಲ್ಲಿ ದುಡ್ಡು ಎರಡು ದಿನದ ಬದಲು ಇಪ್ಪತ್ತು ದಿನ ಉಳಿಯುತ್ತೆ ಅಂತ ನಂಬಿ 3,500 ಕಟ್ಟಬೇಡಿ. ನಿಮ್ಮ ಪತ್ರ ಓದಿದಾಗ ನನಗೆ ಅನಿಸಿದ್ದು, ನಿಮ್ಮ ಚಿಂತೆ ಫೀಸಿನದ್ದಲ್ಲ. ಮಗನೂ ನಾಳೆ ಮಾವನ ಹಾಗೆ ಕಳಕೊಂಡರೆ ಏನು ಗತಿ ಅನ್ನುವುದು. ಅದಕ್ಕೇ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಮೊದಲು ನನ್ನದೇ ಒಂದು ಸೋಲಿನ ಕಥೆ. ಬ್ಯಾಂಕಿನಲ್ಲಿ ಇದ್ದಾಗ ಹತ್ತಿರದ ಹೈಸ್ಕೂಲಿಗೆ ಹೋಗಿ ದುಡ್ಡಿನ ಪಾಠ ಮಾಡುತ್ತಿದ್ದೆ. ಬೋರ್ಡ್ ತುಂಬಾ ಚಕ್ರಬಡ್ಡಿ ಬರೆದು, ಕೊನೆಗೆ ಹತ್ತು ಪ್ರಶ್ನೆಯ ಪರೀಕ್ಷೆ. ಹತ್ತಕ್ಕೆ ಹತ್ತು ತೆಗೆದ ಒಬ್ಬ ಹುಡುಗ ನನಗೆ ಚೆನ್ನಾಗಿ ನೆನಪಿದ್ದಾನೆ. ಮೂರ್ನಾಲ್ಕು ವರ್ಷ ಆದ ಮೇಲೆ ಅವನು ಅಪ್ಪನ ಜೊತೆ ಬ್ಯಾಂಕಿಗೆ ಬಂದ. ಹೊಸ ಬೈಕು. ಶೋರೂಮಿನಲ್ಲೇ ಫೈನಾನ್ಸ್ ಆಗಿತ್ತು, ಕಂತು ತಿಂಗಳಿಗೊಮ್ಮೆ ಖಾತೆಯಿಂದ ತಾನಾಗಿಯೇ ಹೋಗುವ ಹಾಗೆ ಇಸಿಎಸ್ ಮಾಡಿಸಬೇಕಿತ್ತು. 'ಬಡ್ಡಿ 10 ಪರ್ಸೆಂಟ್ ಅಷ್ಟೇ ಮೇಡಂ, ನಿಮ್ಮ ಬ್ಯಾಂಕಿಗಿಂತ ಕಡಿಮೆ' ಅಂದ, ಹೆಮ್ಮೆಯಿಂದ.

ಕಾಗದ ತೆಗೆದು ನೋಡಿದೆ. 90,000 ಸಾಲ, ಮೂರು ವರ್ಷ, ಫ್ಲ್ಯಾಟ್ 10. ಅಂದರೆ ವರ್ಷಕ್ಕೆ 9,000ದಂತೆ ಬಡ್ಡಿ 27,000. ಒಟ್ಟು 1,17,000. ತಿಂಗಳಿಗೆ 3,250ರಂತೆ 36 ಕಂತು. ಪ್ರತಿ ಕಂತಿನಲ್ಲೂ ಅಸಲು ಕರಗುತ್ತಾ ಹೋಗುತ್ತದೆ, ಆದರೆ ಬಡ್ಡಿ ಮಾತ್ರ ಕೊನೇ ತಿಂಗಳವರೆಗೂ ಪೂರ್ತಿ 90,000ದ ಮೇಲೇ. ಬ್ಯಾಂಕಿನವರು ಉಳಿದ ಅಸಲಿನ ಮೇಲೆ ಹಾಕುವ ಲೆಕ್ಕದಲ್ಲಿ ನೋಡಿದರೆ ಇದು ಹೆಚ್ಚುಕಡಿಮೆ ಶೇ 18 ಬಡ್ಡಿ. ಹುಡುಗನಿಗೆ ಚಕ್ರಬಡ್ಡಿಯ ಸೂತ್ರ ಆಗಲೂ ಬಾಯಿಪಾಠ ಇತ್ತು. ಶೋರೂಮಿನ ಮೇಜಿನ ಮುಂದೆ ಕೂತಾಗ ಯಾವ ಪ್ರಶ್ನೆ ಕೇಳಬೇಕು ಅನ್ನುವುದು ಮಾತ್ರ ಗೊತ್ತಿರಲಿಲ್ಲ. ನಾನು ಅದನ್ನು ಕಲಿಸಿರಲೇ ಇಲ್ಲ.

ನನಗೊಬ್ಬಳಿಗೇ ಹೀಗಾಯಿತಾ ಅಂದರೆ, ಇಲ್ಲ. ಜಗತ್ತಿನ ಹಲವು ಕಡೆ ಇದನ್ನು ಅಳೆದು ನೋಡಿದ್ದಾರೆ. 2014ರಲ್ಲಿ ಫೆರ್ನಾಂಡಿಸ್, ಲಿಂಚ್, ನೆಟ್‌ಮೆಯರ್ ಎಂಬ ಮೂವರು ಸಂಶೋಧಕರು ಅಲ್ಲಿವರೆಗೆ ನಡೆದಿದ್ದ 201 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದರು. ದುಡ್ಡಿನ ವಿಷಯದಲ್ಲಿ ಒಬ್ಬರು ಒಂದು ಥರ, ಇನ್ನೊಬ್ಬರು ಇನ್ನೊಂದು ಥರ ನಡೆದುಕೊಳ್ಳುತ್ತಾರಲ್ಲ, ಆ ವ್ಯತ್ಯಾಸದಲ್ಲಿ ಪಾಠದ ಪಾಲು ಬರೀ ಶೇ 0.1 ಅಂತ ಬಂತು. ಎಷ್ಟೋ ಗಂಟೆ ಪಾಠ ಮಾಡಿದ್ದರೂ ಇಪ್ಪತ್ತು ತಿಂಗಳು ಕಳೆಯುವಷ್ಟರಲ್ಲಿ ಪರಿಣಾಮ ಹೆಚ್ಚೂಕಡಿಮೆ ಮಾಯ. ನಿಮ್ಮ ಯಜಮಾನರಿಗೆ ಇದನ್ನು ಹೇಳಿದರೆ ಖುಷಿಪಡುತ್ತಾರೆ.

ಆದರೆ ತಡೀರಿ. 2022ರಲ್ಲಿ ಕೈಸರ್, ಲುಸಾರ್ಡಿ ಮತ್ತು ಜೊತೆಯವರು ಇನ್ನೊಂದು ಲೆಕ್ಕ ತೆಗೆದರು. ಇವರು ಆರಿಸಿಕೊಂಡಿದ್ದು ಚೀಟಿ ಎತ್ತಿದ ಹಾಗೆ ಒಂದು ಗುಂಪಿಗೆ ಪಾಠ, ಇನ್ನೊಂದಕ್ಕೆ ಇಲ್ಲ ಅಂತ ಮಾಡಿ ಹೋಲಿಸಿದ ಪ್ರಯೋಗಗಳನ್ನು ಮಾತ್ರ. ಅಂಥವು 76, ಭಾಗವಹಿಸಿದವರು 1,60,000ಕ್ಕೂ ಜಾಸ್ತಿ. ಇಲ್ಲಿ ತಿಳಿವಳಿಕೆಯೂ ಹೆಚ್ಚಿತು, ನಡವಳಿಕೆಯೂ ಬದಲಾಯಿತು. ಬದಲಾವಣೆ ಸಣ್ಣದು, ಆದರೆ ಸೊನ್ನೆ ಅಲ್ಲ. ತಿಳಿಯುವುದು ಬೇಗ ಆಗುತ್ತದೆ, ಮಾಡುವುದು ನಿಧಾನ. ತರಗತಿಗೆ ಹೋಗಿ ಬಂದ ನನ್ನ ಅನುಭವವೂ ಇದೇ.

ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಬ್ರೆಜಿಲ್‌ನ ಪ್ರಯೋಗ. 2010–11ರಲ್ಲಿ ಅಲ್ಲಿನ 892 ಹೈಸ್ಕೂಲುಗಳಲ್ಲಿ ಸುಮಾರು 25,000 ಮಕ್ಕಳ ಮೇಲೆ ನಡೆದದ್ದು. ದುಡ್ಡಿನ ಪಾಠಕ್ಕೆ ಬೇರೆ ಪಿರಿಯಡ್ ಇರಲಿಲ್ಲ. ಗಣಿತ, ಸಮಾಜ, ಭಾಷೆಯ ಪಾಠದ ಒಳಗೇ ಸೇರಿಸಿದರು. ಮನೆಗೆ ಹೋಗಿ ಅಪ್ಪ ಅಮ್ಮನ ಜೊತೆ ಕೂತು ಮಾಡುವ ಕೆಲಸವೂ ಇತ್ತು. ಮಕ್ಕಳ ತಿಳಿವಳಿಕೆ ಏರಿತು, ಉಳಿತಾಯ ಸ್ವಲ್ಪ ಹೆಚ್ಚಿತು. ಪಾಠ ಕೇಳದ ಅಪ್ಪ ಅಮ್ಮಂದಿರೂ ಲೆಕ್ಕ ಇಡುವುದು, ಉಳಿಸುವುದು ಶುರು ಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟುವಷ್ಟರಲ್ಲಿ ಇನ್ನೊಂದು ಸಂಗತಿ ಕಾಣಿಸಿತು. ಅದೇ ಮಕ್ಕಳು ಕ್ರೆಡಿಟ್ ಕಾರ್ಡಿನಲ್ಲಿ, ಕಂತಿನಲ್ಲಿ ಸಾಮಾನು ಕೊಳ್ಳುವುದೂ ಜಾಸ್ತಿಯಾಗಿತ್ತು! ಸಾಲ ಅಂದರೇನು ಅಂತ ಗೊತ್ತಾದ ಮೇಲೆ ಅದರ ಹೆದರಿಕೆ ಹೋಗಿತ್ತು ಅಂತ ಕಾಣುತ್ತದೆ.

ಸುಮಾರು ಒಂಬತ್ತು ವರ್ಷ ಬಿಟ್ಟು ಅದೇ ಮಕ್ಕಳ ಸಾಲದ ದಾಖಲೆ ತೆಗೆದು ನೋಡಿದರು. ಈಗ ಚಿತ್ರ ತಿರುಗಿತ್ತು. ಪಾಠ ಕೇಳಿದವರು ದುಬಾರಿ ಸಾಲದಿಂದ ಸ್ವಲ್ಪ ದೂರ ಇದ್ದರು, ಕಂತು ತಪ್ಪಿಸುವುದೂ ಕಡಿಮೆ. ಸಣ್ಣಪುಟ್ಟ ಸ್ವಂತ ವ್ಯಾಪಾರ ಇಟ್ಟುಕೊಂಡವರು ಅವರಲ್ಲಿ ಹೆಚ್ಚು. ಈ ಕಥೆಯನ್ನು ನಾನು ತಾಯಂದಿರಿಗೆಲ್ಲ ಹೇಳುತ್ತೇನೆ. ಯಾಕೆಂದರೆ ಕ್ಲಾಸಿಗೆ ಹೋದ ಮೊದಲ ವರ್ಷದಲ್ಲೇ ಮಗ 'ಅಮ್ಮ, ನೋ-ಕಾಸ್ಟ್ ಇಎಂಐನಲ್ಲಿ ಫೋನ್ ತಗೊಳ್ಳೋಣ, ಬಡ್ಡಿ ಇಲ್ಲ' ಅಂತ ಬರಬಹುದು. ಆಗ ಗಾಬರಿಯಾಗಬೇಡಿ. ಕೂತು ಪ್ರೊಸೆಸಿಂಗ್ ಫೀ ಎಷ್ಟು, ಒಂದೇ ಸಲ ದುಡ್ಡು ಕೊಟ್ಟರೆ ಎಷ್ಟು ಬಿಡುತ್ತಾರೆ ಅಂತ ಅವನ ಕೈಯಲ್ಲೇ ಲೆಕ್ಕ ಮಾಡಿಸಿ.

ಅಮೆರಿಕದಲ್ಲಿ ಇನ್ನೊಂದು ಬಗೆಯ ಫಲಿತಾಂಶ ಬಂದಿದೆ. ಅಲ್ಲಿ ಕೆಲವು ರಾಜ್ಯಗಳು ದುಡ್ಡಿನ ಪಾಠ ಕಡ್ಡಾಯ ಮಾಡಿದ್ದವು, ಕೆಲವು ಗಣಿತವನ್ನೇ ಜಾಸ್ತಿ ಮಾಡಿದ್ದವು. ಕೋಲ್, ಪೌಲ್ಸನ್, ಶಾಸ್ತ್ರಿ ಎಂಬ ಸಂಶೋಧಕರು ಎರಡನ್ನೂ ಹೋಲಿಸಿದಾಗ ದುಡ್ಡಿನ ಪಾಠದಿಂದ ಏನೂ ವ್ಯತ್ಯಾಸ ಕಾಣಲಿಲ್ಲ. ಜಾಸ್ತಿ ಗಣಿತ ಓದಿದವರು ಮಾತ್ರ ಸಾಲ ನಿಭಾಯಿಸುವುದು, ಆಸ್ತಿ ಕೂಡಿಸುವುದು ಎರಡರಲ್ಲೂ ಮೇಲಿದ್ದರು. ಹಾಗಂತ ಇದನ್ನೇ ಕೊನೇ ಮಾತು ಅಂದುಕೊಳ್ಳಬೇಡಿ. ಜಾರ್ಜಿಯಾ, ಐಡಾಹೊ, ಟೆಕ್ಸಾಸ್‌ಗಳಲ್ಲಿ ಕಡ್ಡಾಯ ಪಾಠ ಬಂದ ಮೇಲೆ ಎಳೆಯರ ಕ್ರೆಡಿಟ್ ಸ್ಕೋರ್ (ಸಾಲ ಸರಿಯಾಗಿ ತೀರಿಸುವವರಾ ಅಂತ ಹೇಳುವ ಅಂಕ) ಏರಿದ್ದನ್ನು ಬೇರೆಯವರು ತೋರಿಸಿದ್ದಾರೆ. ನಿಮ್ಮ ಮಗನ ಮಟ್ಟಿಗೆ ನಾನು ಕೇಳುವುದು ಒಂದೇ. ಅವನಿಗೆ ಶೇಕಡಾ ಲೆಕ್ಕ ಸಲೀಸಾಗಿ ಬರುತ್ತಾ? 'ಶೇ 30 ರಿಯಾಯಿತಿ, ಅದರ ಮೇಲೆ ಮತ್ತೆ ಶೇ 20' ಅಂದರೆ ಒಟ್ಟು 50 ಅಲ್ಲ, 44 ಅಂತ ಹೇಳುತ್ತಾನಾ? ಇಲ್ಲ ಅಂದರೆ ಆ 3,500ನ್ನು ಗಣಿತದ ಟ್ಯೂಷನ್‌ಗೆ ಹಾಕಿ. ಇದನ್ನು ಸುಮ್ನೆ ಹೇಳುತ್ತಿಲ್ಲ.

ಆದರೆ ಪುಸ್ತಕದ ಗಣಿತ ಬಂದವರಿಗೆಲ್ಲ ಸಂತೆಯ ಗಣಿತ ಬರುತ್ತೆ ಅಂತಲೂ ಇಲ್ಲ. ಕೋಲ್ಕತ್ತಾ, ದೆಹಲಿಯ ಮಾರುಕಟ್ಟೆಗಳಲ್ಲಿ ವ್ಯಾಪಾರ ಮಾಡುವ 1,400ಕ್ಕೂ ಹೆಚ್ಚು ಮಕ್ಕಳನ್ನು ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ತಂಡದವರು ಪರೀಕ್ಷಿಸಿದರು, 2025ರಲ್ಲಿ ಅದು ಪ್ರಕಟವಾಯಿತು. ಎರಡು ಮೂರು ಸಾಮಾನಿನ ಬೆಲೆ ಕೂಡಿಸಿ ಚಿಲ್ಲರೆ ವಾಪಸ್ ಕೊಡುವ ಲೆಕ್ಕವನ್ನು ಆ ಮಕ್ಕಳು ಬಾಯಲ್ಲೇ ಮಾಡುತ್ತಿದ್ದರು. ಅದೇ ಲೆಕ್ಕ ಕಾಗದದ ಮೇಲೆ ಬಂದರೆ ಮುಗ್ಗರಿಸುತ್ತಿದ್ದರು. ಶಾಲೆಯ ಮಕ್ಕಳದ್ದು ಇದಕ್ಕೆ ಉಲ್ಟಾ. ಎರಡು ಲೆಕ್ಕದ ನಡುವೆ ಬಾಗಿಲೇ ಇಲ್ಲ ಅನ್ನುವ ಹಾಗೆ.

ನಮ್ಮ ಸರ್ಕಾರಿ ಶಾಲೆಗಳ 'ಮಕ್ಕಳ ಸಂತೆ' ಈ ಬಾಗಿಲು ತೆಗೆಯುವ ಕೆಲಸ ಮಾಡಬಲ್ಲದು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಒಂದು ಕಡೆ ಅತಿಥಿಯಾಗಿ ಹೋಗಿದ್ದೆ. ಏಳನೇ ತರಗತಿಯ ಹುಡುಗಿಯೊಬ್ಬಳು ಚುರುಮುರಿ ಇಟ್ಟಿದ್ದಳು. ಮಂಡಕ್ಕಿ, ಕಡ್ಲೆಬೀಜ, ಪೇಪರ್ ಪೊಟ್ಟಣ ಸೇರಿ 180 ರೂಪಾಯಿ ಬಂಡವಾಳ. ಮಧ್ಯಾಹ್ನದ ಹೊತ್ತಿಗೆ 260 ಆಗಿತ್ತು. '80 ಲಾಭ ಮೇಡಂ!' ಅಂದಳು. ಈರುಳ್ಳಿ ಎಲ್ಲಿಂದ ಬಂತು ಅಂತ ಕೇಳಿದೆ. ಮನೆಯದು. ಎಣ್ಣೆ? ಅದೂ ಮನೆಯದು. ಟೊಮೆಟೊ, ನಿಂಬೆಹಣ್ಣು? ಹುಡುಗಿ ಮಾತಾಡಲಿಲ್ಲ. ಪೊಟ್ಟಣದ ಹಿಂದೆ ಪೆನ್ಸಿಲಿನಲ್ಲಿ ಬರೆಯಲು ಕೂತಳು. ಈರುಳ್ಳಿ ಅರ್ಧ ಕೆಜಿ, ಎಣ್ಣೆ ಒಂದು ಲೋಟ... ಕೊನೆಗೆ 35 ರೂಪಾಯಿ ಲಾಭ ಅಂತ ಬಂತು. ಆಮೇಲೆ ತಲೆಯೆತ್ತಿ, 'ಅಮ್ಮ ಬೆಳಗ್ಗೆಯಿಂದ ಹೆಚ್ಚಿಕೊಟ್ಟಿದ್ದಕ್ಕೆ ಎಷ್ಟು ಹಾಕಲಿ?' ಅಂತ ಕೇಳಿದಳು. ಆ ಪ್ರಶ್ನೆಗೆ ನನ್ನ ಹತ್ತಿರ ಇವತ್ತಿಗೂ ಸರಿಯಾದ ಉತ್ತರ ಇಲ್ಲ. ಬಹಳ ಕಡೆ ಸಂತೆ ಮುಗಿದ ಮೇಲೆ ಫೋಟೊ ತೆಗೆದು ಮನೆಗೆ ಕಳಿಸಿಬಿಡುತ್ತಾರೆ. ಮಾರನೇ ದಿನ ಒಂದು ಪಿರಿಯಡ್ ಈ ಲೆಕ್ಕಕ್ಕೆ ಕೊಟ್ಟರೆ ಮೂರೂವರೆ ಸಾವಿರದ ಕೋರ್ಸ್ ಯಾಕೆ ಬೇಕು, ಹೇಳಿ.

ಈಗ ನಿಮ್ಮ ಯಜಮಾನರ ಮಾತು. ಅವರಿಗೆ ಯಾರೂ ಹೇಳಿಕೊಟ್ಟಿಲ್ಲ ಅನ್ನುವುದನ್ನು ನಾನು ನಂಬಲ್ಲ. ಗಲ್ಲಾಪೆಟ್ಟಿಗೆ ಹೇಳಿಕೊಟ್ಟಿರುತ್ತದೆ. ಹಿಂದಿನವರಿಗೆ ಮನೆ ಬಾಗಿಲಿಗೆ ಬರುತ್ತಿದ್ದ ಪಿಗ್ಮಿ ಏಜೆಂಟ್ ಹೇಳಿಕೊಟ್ಟಿದ್ದ. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ, ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು ಅಂತ ಪಿಗ್ಮಿ ಠೇವಣಿ ಶುರು ಮಾಡಿತು. ಮೀನು ಮಾರುವವರಿಗೆ, ನೇಕಾರರಿಗೆ ಯಾರೂ ಉಳಿತಾಯದ ಭಾಷಣ ಮಾಡಲಿಲ್ಲ. ದಿನಾ ಸಂಜೆ ಒಬ್ಬ ಮನುಷ್ಯ ಪುಸ್ತಕ ಹಿಡಿದು ಬಂದು ನಿಲ್ಲುತ್ತಿದ್ದ, ಅಷ್ಟೇ. ತಿಳಿದುಕೊಂಡು ಉಳಿಸಿದ್ದಲ್ಲ, ಉಳಿಸುತ್ತಾ ತಿಳಿದುಕೊಂಡದ್ದು.

ಆದರೆ 'ನಮಗೆ ಯಾರು ಹೇಳಿಕೊಟ್ಟರು' ಅನ್ನುವ ಮಾತು ನಿಮ್ಮ ಮಗನ ಕಾಲಕ್ಕೆ ಸಾಲದು. ನಿಮ್ಮ ಯಜಮಾನರಿಗೆ ಹದಿನೆಂಟು ತುಂಬಿದಾಗ ಸಾಲ ಬೇಕಾದರೆ ಯಾರದಾದರೂ ಮುಖ ನೋಡಿ ಕೇಳಬೇಕಿತ್ತು. ಆ ನಾಚಿಕೆಯೇ ಅರ್ಧ ಸಾಲ ತಪ್ಪಿಸುತ್ತಿತ್ತು. ಮಗನಿಗೆ ಹದಿನೆಂಟು ತುಂಬಿದ ವಾರದಲ್ಲೇ ಫೋನಿನಲ್ಲಿ ಸಾಲದ ಆ್ಯಪ್, ಷೇರು ಇಡುವ ಡಿಮ್ಯಾಟ್ ಖಾತೆ, 'ಈಗ ತಗೊಳ್ಳಿ, ಆಮೇಲೆ ಕೊಡಿ' ಎಲ್ಲಾ ಬಂದು ನಿಲ್ಲುತ್ತವೆ. ನಾಚಿಕೆಯಿಲ್ಲ, ಕಾಯುವುದಿಲ್ಲ, ಕೈಯಿಂದ ನೋಟು ಹೋಗುವುದೂ ಕಾಣುವುದಿಲ್ಲ.

ನಿಮ್ಮ ತಮ್ಮನ ವಿಷಯಕ್ಕೆ ಬರೋಣ. 'ಶಾಲೆಯಲ್ಲಿ ಕಲಿಸಿದ್ರೆ ಹೀಗಾಗ್ತಿರಲಿಲ್ಲ' ಅಂತ ಅವರು ಹೇಳುವುದು ಸಹಜ, ನೋವಿನ ಮಾತು ಅದು. ಆದರೆ ಬೇಜಾರು ಮಾಡಿಕೊಳ್ಳಬೇಡಿ, ನನಗೆ ಹಾಗೆ ಅನಿಸುವುದಿಲ್ಲ. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 2021–22ರಿಂದ ಮೂರು ವರ್ಷ ಷೇರು ಫ್ಯೂಚರ್ಸ್, ಆಪ್ಷನ್ಸ್‌ಗೆ ಇಳಿದ ಒಂದು ಕೋಟಿಗೂ ಹೆಚ್ಚು ಜನರಲ್ಲಿ ಶೇ 93 ಮಂದಿ ನಷ್ಟ ಮಾಡಿಕೊಂಡಿದ್ದಾರೆ. ಸರಾಸರಿ ತಲಾ ಸುಮಾರು 2 ಲಕ್ಷ. ಇಂಥವರು ನನ್ನ ಹತ್ತಿರ ಸಲಹೆಗೆ ಬರುತ್ತಾರೆ. ಲೆಕ್ಕ ಬರದವರು ಅವರಲ್ಲಿ ಒಬ್ಬರೂ ಇಲ್ಲ. ಎಂಜಿನಿಯರ್, ಲೆಕ್ಚರರ್, ಒಬ್ಬರಂತೂ ನನ್ನದೇ ಹಳೆಯ ಸಹೋದ್ಯೋಗಿ, ಬ್ಯಾಂಕ್ ಆಫೀಸರ್! ನಷ್ಟದ ಅಂಕಿ ಅವರಿಗೆಲ್ಲ ಗೊತ್ತಿತ್ತು. ಆ ಉಳಿದ ಶೇ 7ರಲ್ಲಿ ತಾನಿದ್ದೇನೆ ಅಂತ ಪ್ರತಿಯೊಬ್ಬರೂ ನಂಬಿದ್ದರು. ಅರ್ಧಂಬರ್ಧ ಪಾಠ ಈ ನಂಬಿಕೆಯನ್ನು ಇಳಿಸುವುದಿಲ್ಲ, ಏರಿಸುತ್ತದೆ. ಅದಕ್ಕೇ ಹೈಸ್ಕೂಲಿನಲ್ಲಿ 'ಷೇರು ಮಾರುಕಟ್ಟೆ ಆಟ' ಆಡಿಸುವ ಕೋರ್ಸ್ ಕಂಡರೆ ನನಗೆ ಭಯ. ಆಟದ ದುಡ್ಡಲ್ಲಿ ಒಂದು ತಿಂಗಳಿಗೆ ಶೇ 12 ಗಳಿಸಿ ಮೆಡಲ್ ತಗೊಂಡ ಹುಡುಗ ಕಲಿತದ್ದೇನು? ತಾನು ಜಾಣ ಅಂತ.

ಹಾಗಾಗಿ ಶಾಲೆಗೆ ಹೋಗಿ ಕೇಳಬೇಕಾದದ್ದು ಸಿಲಬಸ್ ಏನು ಅಂತ ಅಲ್ಲ. ಸಿಲಬಸ್ ಎಲ್ಲರದ್ದೂ ಚಂದವೇ ಇರುತ್ತದೆ. ಈ ಕಂಪನಿಗೆ ಮಕ್ಕಳ ಫೀಸ್ ಬಿಟ್ಟು ಬೇರೆ ಎಲ್ಲಿಂದ ಆದಾಯ ಬರುತ್ತದೆ ಅಂತ ಕೇಳಿ. ಪಾಠ ಮುಗಿದ ಮೇಲೆ ಪೋಷಕರ ಸಭೆ ಕರೆದು ವಿಮೆ, ಮ್ಯೂಚುವಲ್ ಫಂಡ್ ಮಾರುವವರನ್ನು ನಾನು ಕಂಡಿದ್ದೇನೆ. ಮಕ್ಕಳ ಅರ್ಜಿಯಲ್ಲಿ ನಿಮ್ಮ ಫೋನ್ ನಂಬರ್, ವರಮಾನ ಕೇಳಿದ್ದರೆ ಆ ಜಾಗ ಖಾಲಿ ಬಿಡಿ. ಎರಡನೆಯದಾಗಿ, ಮಕ್ಕಳು ಏನು ಮಾಡುತ್ತಾರೆ ಅಂತ ಕೇಳಿ. ನಿಜವಾದ ಕರೆಂಟ್ ಬಿಲ್ಲು, ನಿಜವಾದ ಸಾಲದ ಕಾಗದ ಓದುತ್ತಾರಾ, ಬರೀ ವಿಡಿಯೊ ನೋಡುತ್ತಾರಾ? ವಿಡಿಯೊ ಮಾತ್ರ ಅಂದರೆ ಫೀಸು ಉಳಿಸಿ. ಎನ್‌ಸಿಎಫ್‌ಇ, ಅಂದರೆ ಆರ್‌ಬಿಐ, ಸೆಬಿ, ವಿಮೆ ಮತ್ತು ಪಿಂಚಣಿ ನಿಯಂತ್ರಕರು ಸೇರಿ ನಡೆಸುವ ಸಂಸ್ಥೆ, ಸಿಬಿಎಸ್‌ಇ ಜೊತೆ ಆರರಿಂದ ಹತ್ತನೇ ತರಗತಿವರೆಗೆ ವರ್ಕ್‌ಬುಕ್ ಮಾಡಿದೆ. ಅದು ಪುಕ್ಕಟೆ ಸಿಗುತ್ತದೆ.

ಮನೆಯ ವಿಷಯದಲ್ಲಿ ನಿಮಗೊಂದು ಅನುಕೂಲ ಇದೆ, ಅದು ಬೆಂಗಳೂರಿನ ಅಪಾರ್ಟ್‌ಮೆಂಟ್ ಮಕ್ಕಳಿಗೆ ಇಲ್ಲ. ಅಂಗಡಿ! ಭಾನುವಾರ ಎರಡು ಗಂಟೆ ಮಗನನ್ನು ಅಲ್ಲಿ ಕೂರಿಸಿ. ಸಾಮಾನು ಎತ್ತಿಡುವ ಕೆಲಸಕ್ಕಲ್ಲ, ಪುಸ್ತಕ ನೋಡಲಿಕ್ಕೆ. ಒಂದು ಚೀಲ ಸಿಮೆಂಟಿಗೆ ಎಷ್ಟು ಉಳಿಯುತ್ತದೆ, ಪೇಂಟಿಗೆ ಎಷ್ಟು, ಯಾವ ಮೇಸ್ತ್ರಿ ಎಷ್ಟು ತಿಂಗಳಿಂದ ಬಾಕಿ, ಆ ಬಾಕಿ ನಿಂತಾಗ ಹೋಲ್‌ಸೇಲ್‌ನವರಿಗೆ ಅಪ್ಪ ಎಲ್ಲಿಂದ ತಂದು ಕಟ್ಟುತ್ತಾರೆ. ಇದನ್ನು ನೋಡಿದ ಹುಡುಗನಿಗೆ 'ಲಾಭ ಇದೆ, ಕೈಯಲ್ಲಿ ದುಡ್ಡಿಲ್ಲ' ಅನ್ನುವುದು ಹೇಗೆ ಸಾಧ್ಯ ಅಂತ ಅರ್ಥ ಆಗುತ್ತದೆ. ಬಿಕಾಂ ಮುಗಿಸಿದವರಲ್ಲೂ ಎಷ್ಟೋ ಜನಕ್ಕೆ ಅದು ಗೊತ್ತಿಲ್ಲ.

ಕೈಯಲ್ಲಿ ದುಡ್ಡು ಎರಡು ದಿನ ಉಳಿಯಲ್ಲ ಅಂದಿರಲ್ಲ. ಪಾಕೆಟ್ ಮನಿ ಅಂತ ಕೊಟ್ಟರೆ ಯಾರ ಕೈಯಲ್ಲೂ ಉಳಿಯಲ್ಲ, ಖರ್ಚು ಮಾಡಲೆಂದೇ ಕೊಟ್ಟದ್ದು ಅದು. ಬದಲಿಗೆ ಜವಾಬ್ದಾರಿ ಜೊತೆ ಕೊಡಿ. ನೋಟ್‌ಬುಕ್, ಪೆನ್ನು, ಕಟಿಂಗ್, ಬಸ್ಸು ಇವಿಷ್ಟಕ್ಕೆ ತಿಂಗಳಿಗೆ ಎಷ್ಟು ಅಂತ ಇಬ್ಬರೂ ಕೂತು ಲೆಕ್ಕ ಹಾಕಿ ಒಂದನೇ ತಾರೀಖು ಕೊಟ್ಟುಬಿಡಿ. ಮಿಕ್ಕಿದ್ದು ಅವನದ್ದು. ಮೊದಲ ತಿಂಗಳು ಹದಿನೈದಕ್ಕೇ ಮುಗಿಯುತ್ತದೆ, ಖಂಡಿತ. ಆಗ ನೀವು ಸೀರೆ ಅಂಚಿನಲ್ಲಿ ಕಟ್ಟಿಟ್ಟದ್ದು ಬಿಚ್ಚಿ ಕೊಡಬಾರದು. ಕೂದಲು ಬೆಳೆದುಕೊಂಡೇ ಶಾಲೆಗೆ ಹೋಗಲಿ. ಇದರ ಅಪಾಯವನ್ನೂ ಹೇಳಿಬಿಡುತ್ತೇನೆ. ಗೆಳೆಯರ ಹತ್ತಿರ ಸಾಲ ಮಾಡಬಹುದು, ಸುಳ್ಳು ಹೇಳಬಹುದು. ಹಾಗಾದರೆ ಬೈದು ನಿಲ್ಲಿಸಬೇಡಿ, ತಿಂಗಳ ಬದಲು ವಾರದ ಲೆಕ್ಕಕ್ಕೆ ಇಳಿಸಿ.

ಬ್ಯಾಂಕ್ ಖಾತೆ ಬೇಕಾದರೆ ಅವನ ಹೆಸರಲ್ಲೇ ಮಾಡಿಸಬಹುದು. ಹತ್ತು ವರ್ಷ ದಾಟಿದ ಮಕ್ಕಳಿಗೆ ತಾವೇ ಉಳಿತಾಯ ಖಾತೆ ತೆರೆದು ನಡೆಸಲು ಬ್ಯಾಂಕುಗಳು ಅವಕಾಶ ಕೊಡಬಹುದು ಅಂತ ಆರ್‌ಬಿಐ 2025ರ ಏಪ್ರಿಲ್‌ನಲ್ಲಿ ಮತ್ತೆ ಸ್ಪಷ್ಟ ಮಾಡಿದೆ. ಎಷ್ಟರವರೆಗೆ ಅನ್ನುವ ಮಿತಿ ಆಯಾ ಬ್ಯಾಂಕಿನದು, ಇರುವುದಕ್ಕಿಂತ ಜಾಸ್ತಿ ತೆಗೆಯಲು ಮಾತ್ರ ಬಿಡುವಂತಿಲ್ಲ. ಎಟಿಎಂ ಕಾರ್ಡ್, ಯುಪಿಐ ಈಗಲೇ ಬೇಡ. ಹದಿನಾಲ್ಕರಲ್ಲಿ ನೋಟು ಎಣಿಸಿ ಕೊಡುವುದೇ ಒಳ್ಳೆಯದು ಅನ್ನುವ ಹಳೇ ಕಾಲದವಳು ನಾನು.

ಸಾಲದ ವಿಷಯ ಮಗನ ಮುಂದೆ ಮಾತಾಡಲ್ಲ ಅಂದಿರಿ. ಮಕ್ಕಳಿಗೆ ಕಷ್ಟ ತಿಳಿಯಬಾರದು ಅನ್ನುವ ಪ್ರೀತಿ ಅದು, ನಮ್ಮ ಮನೆಯಲ್ಲೂ ಹಾಗೇ ಇತ್ತು. ಎಲ್ಲವನ್ನೂ ಹೇಳಬೇಕಾಗಿಲ್ಲ. ಒಂದೇ ಒಂದು ಸಾಲ ಆರಿಸಿಕೊಳ್ಳಿ, ಒಡವೆ ಸಾಲವೋ, ಅಂಗಡಿಯದ್ದೋ. ತಗೊಂಡದ್ದು ಎಷ್ಟು, ಯಾಕೆ, ಇನ್ನೂ ಎಷ್ಟು ಉಳಿದಿದೆ ಅಂತ ಕಾಗದ ಮುಂದಿಟ್ಟು ತೋರಿಸಿ. ಹದಿನಾಲ್ಕು ವರ್ಷದ ಹುಡುಗ ಇದನ್ನು ತಡೆದುಕೊಳ್ಳುತ್ತಾನೆ. ಮನೆಯಲ್ಲಿ ಏನೋ ಇದೆ, ಹೇಳುತ್ತಿಲ್ಲ ಅನ್ನುವುದೇ ಮಕ್ಕಳಿಗೆ ಹೆಚ್ಚು ಹೆದರಿಕೆ.

ಕೊನೆಗೆ, ನಿಮ್ಮ ತಮ್ಮ ಊರಿಗೆ ಬಂದಾಗ ಒಂದು ಮಾತು ಕೇಳಿ ನೋಡಿ. ಮೊದಲ ತಿಂಗಳು ಎಷ್ಟು ಗೆದ್ದರು, ಯಾವ ದಿನ ಸೋಲು ಶುರುವಾಯಿತು, ಕಳೆದದ್ದನ್ನು ವಾಪಸ್ ತೆಗೆಯಲು ಮತ್ತೆ ಎಷ್ಟು ಹಾಕಿದರು, ರಾತ್ರಿ ನಿದ್ದೆ ಹೇಗಿತ್ತು. ಫೋನಿನಲ್ಲಿರುವ ಆ ಸ್ಟೇಟ್‌ಮೆಂಟ್ ಸಮೇತ ಅಳಿಯನ ಪಕ್ಕ ಕೂತು ಹೇಳಲು ಅವರು ಒಪ್ಪುತ್ತಾರಾ ಅಂತ. ಒತ್ತಾಯ ಮಾಡಬೇಡಿ, ಗಾಯ ಇನ್ನೂ ಹಸಿ ಇರಬಹುದು. ನೀವೂ ಯಜಮಾನರೂ ಆ ಹೊತ್ತಿಗೆ ಪಕ್ಕದಲ್ಲಿ ಇರಬೇಡಿ, 'ನೋಡಿದ್ಯಾ, ಅದಕ್ಕೇ ಹೇಳೋದು' ಅಂತ ಬಾಯಿಗೆ ಬಂದೇ ಬರುತ್ತದೆ. ಮಾವ ಅಳಿಯ ಇಬ್ಬರೇ ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಕೂತು ಮಾತಾಡಿಕೊಳ್ಳಲಿ.